ನೆಟ್ ಹೋಗಿಲ್ಲ, ಹೋಗಿ ಹೋಗಿ ಬರ್ತಿದೆ!

ಬಿ.ಇ. ಓದುವವರು ರಜೆಗೆ ಊರಿಗೆ ಬಂದರೆ ಮನೆಯವರ ಲೆಕ್ಕದಲ್ಲಿ ಎಲ್ಲ ಬ್ರಾಂಚಿನ ಎಂಜಿನಿಯರೂ ಅವರೇ. ಸಿವಿಲ್ ಓದುವವರು ಮಿಕ್ಸಿ ಬಿಚ್ಚಬೇಕು, ಮೆಕ್ಯಾನಿಕಲ್ ಓದುವವರು ಟಿವಿಗೆ ಚಾನೆಲ್ ಕೂರಿಸಬೇಕು. ನನ್ನದು ಎಲೆಕ್ಟ್ರಾನಿಕ್ಸ್ ಅಂಡ್ ಕಮ್ಯುನಿಕೇಷನ್. ಹಾಗಾಗಿ ಇಂಟರ್ನೆಟ್ಟಿನ ವಿಷಯದಲ್ಲಿ ನನಗೆ ವಿನಾಯಿತಿಯೇ ಇಲ್ಲ. ಈ ಸಲದ ಸೆಮಿಸ್ಟರ್ ರಜೆಯಲ್ಲಿ ಕಡೂರಿನ ನಮ್ಮ ಮನೆ, ತರೀಕೆರೆಯ ದೊಡ್ಡಪ್ಪನ ತೋಟ, ಅಜ್ಜಂಪುರದ ಹತ್ತಿರದ ಸೋದರತ್ತೆಯ ಮನೆ, ಮೂರೂ ಕಡೆಯಿಂದ ಬಂದ ದೂರು ಒಂದೇ: ‘ನೆಟ್ ಹೋಗ್ತದೆ, ಬರ್ತದೆ. ಸ್ವಲ್ಪ ನೋಡೇ.’

ಪೂರ್ತಿ ಹೋದ ನೆಟ್ ಸುಲಭದ ಕಾಯಿಲೆ. ವೈರ್ ತುಂಡಾಗಿದೆ, ಇಲ್ಲವೇ ಪೆಟ್ಟಿಗೆ ಸುಟ್ಟಿದೆ. ಫೋನ್ ಮಾಡಿದರೆ ಲೈನ್ ಹುಡುಗ ಬಂದು ಸರಿ ಮಾಡುತ್ತಾನೆ. ಕಷ್ಟ ಇರುವುದು ಹೋಗಿ ಹೋಗಿ ಬರುವ ನೆಟ್ಟಿನಲ್ಲಿ. ಆತ ಬೈಕು ನಿಲ್ಲಿಸಿ ಒಳಗೆ ಬರುವ ಹೊತ್ತಿಗೆ ಅದು ಚೆನ್ನಾಗಿ ನಡೆಯುತ್ತಿರುತ್ತದೆ, ಡಾಕ್ಟರ ಬಾಗಿಲಲ್ಲಿ ಮಾಯವಾಗುವ ಹಲ್ಲುನೋವಿನ ಹಾಗೆ. ‘ಬರ್ತಾ ಇದೆಯಲ್ಲ ಅಕ್ಕಾ’ ಎಂದು ಆತ ಹೋಗುತ್ತಾನೆ. ಅರ್ಧ ಗಂಟೆಗೆ ಮತ್ತೆ ಅದೇ ಕಥೆ.

ಇದು ಬರೀ ಸೀರಿಯಲ್, ರೀಲ್ಸ್ ನಿಂತುಹೋಗುವ ಕಿರಿಕಿರಿಯಲ್ಲ. ನನ್ನ ಅಕ್ಕ ಬೆಂಗಳೂರಿನ ಕಂಪನಿಯೊಂದರ ಕೆಲಸವನ್ನು ಕಡೂರಿನ ಮನೆಯಿಂದಲೇ ಮಾಡುತ್ತಾಳೆ. ಅಮ್ಮನಿಗೆ ಮಂಡಿ ಆಪರೇಷನ್ ಆಗಿದ್ದರಿಂದ ಆಫೀಸಿನವರು ಒಪ್ಪಿದ್ದರು. ಸಂಜೆಯ ಮೀಟಿಂಗಿನಲ್ಲಿ ಅವಳ ದನಿ ವಾರಕ್ಕೆ ನಾಲ್ಕು ಸಲ ಕಡಿದು ಹೋದಾಗ, ‘ಹೀಗೇ ಆದರೆ ವಾಪಸ್ ಬರಬೇಕಾಗುತ್ತದೆ’ ಎಂದು ಹೇಳಿಬಿಟ್ಟರು. ಹೋದರೆ ಪಿ.ಜಿ. ಬಾಡಿಗೆ ಒಂದು ಕಡೆ, ಒಬ್ಬರೇ ಎದ್ದು ನಡೆಯಲಾಗದ ಅಮ್ಮ ಇನ್ನೊಂದು ಕಡೆ. ನೆಟ್ ಸರಿಮಾಡುವುದು ಎಂದರೆ ನಮ್ಮ ಮನೆಯಲ್ಲಿ ಅಕ್ಕನನ್ನು ಉಳಿಸಿಕೊಳ್ಳುವುದು ಎಂದೇ ಅರ್ಥವಾಗಿತ್ತು.

ಮೊದಲ ಉಪಕರಣ ಕ್ಯಾಲೆಂಡರ್

ಬಂದು ಹೋಗುವ ದೋಷವನ್ನು ಹಿಡಿಯಲು ಸ್ಕ್ರೂಡ್ರೈವರ್‌ಗಿಂತ ಮೊದಲು ಬೇಕಾದದ್ದು ಪೆನ್ನು. ಯಾವಾಗ ಹೋಯಿತು, ಎಷ್ಟು ಹೊತ್ತು, ಆಗ ಪೆಟ್ಟಿಗೆಯ ಮೇಲೆ ಯಾವ ದೀಪ ಹೇಗಿತ್ತು, ಈ ಮೂರನ್ನು ಬರೆದಿಡಬೇಕು. ನಮ್ಮಲ್ಲಿ ಆ ಕೆಲಸ ಮಾಡಿದ್ದು ಅಮ್ಮ. ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲೇ ಪಕ್ಕಕ್ಕೆ ‘7.40, ಎಲ್ಲಾ ಹಸಿರು’, ‘9.05, ಎಲ್ಲಾ ಹಸಿರು’ ಎಂದು ಬರೆಯುತ್ತಾ ಹೋದರು. ಒಂದು ವಾರಕ್ಕೆ ಹದಿನೆಂಟು ಸಾಲು.

ಆ ದೀಪಗಳು ಏನು ಹೇಳುತ್ತವೆ ಎಂದು ತಿಳಿಯಲು ನೆಟ್ ಬರುವ ದಾರಿ ಗೊತ್ತಿರಬೇಕು. ಫೈಬರ್ ಸಂಪರ್ಕದಲ್ಲಿ ಕಂಪನಿಯ ಕೇಂದ್ರದಿಂದ ಹೊರಟ ಒಂದು ಗಾಜಿನ ಎಳೆ ಕಂಬದ ಮೇಲಿನ ಸಣ್ಣ ಡಬ್ಬಿಯಲ್ಲಿ ಕವಲೊಡೆದು 16, 32 ಹೀಗೆ ಹಲವು ಮನೆಗಳಿಗೆ ಬೆಳಕನ್ನು ಹಂಚುತ್ತದೆ. ಆ ಬೆಳಕನ್ನು ಮನೆಯ ಪೆಟ್ಟಿಗೆ ವಿದ್ಯುತ್ ಸಂಕೇತವಾಗಿ ಬದಲಿಸುತ್ತದೆ. ಅಲ್ಲಿಂದ ವೈಫೈ ಮೂಲಕ ಮೊಬೈಲಿಗೆ. ಪೆಟ್ಟಿಗೆಯ ಮೇಲೆ ‘ಪಾನ್’ ಎಂದು ಬರೆದಿರುವ ದೀಪ ಹಸಿರಾಗಿ ನಿಂತಿದ್ದರೆ ಕಂಬದಿಂದ ಮನೆಯವರೆಗೆ ಬೆಳಕು ಬರುತ್ತಿದೆ ಎಂದರ್ಥ. ‘ಎಲ್‌ಓಎಸ್’ ದೀಪ ಕೆಂಪಾಗಿ ಮಿನುಗಿದರೆ ಬೆಳಕೇ ಬರುತ್ತಿಲ್ಲ ಅಥವಾ ಸಾಲುತ್ತಿಲ್ಲ. ದೀಪಗಳೆಲ್ಲ ಒಮ್ಮೆ ಆರಿ ಮತ್ತೆ ಹತ್ತಿದರೆ ಕರೆಂಟಿನ ಸಮಸ್ಯೆ. ಅರ್ಧ ರೋಗ ಇಲ್ಲೇ ಗೊತ್ತಾಗುತ್ತದೆ.

ಉಳಿದರ್ಧಕ್ಕೆ ‘ಪಿಂಗ್’ ಇದೆ. ಅಮೆರಿಕದ ಮೈಕ್ ಮೂಸ್ ಎಂಬಾತ 1983ರ ಡಿಸೆಂಬರಿನಲ್ಲಿ ಬರೆದ ಪುಟ್ಟ ಪ್ರೋಗ್ರಾಂ ಇದು. ಜಲಾಂತರ್ಗಾಮಿಗಳ ಸೋನಾರ್ ಸದ್ದಿನಿಂದ ಹೆಸರು ಬಂತು. ‘ಇದ್ದೀಯಾ?’ ಎಂದು ಕೂಗುತ್ತದೆ, ಉತ್ತರ ಬರಲು ಎಷ್ಟು ಮಿಲಿಸೆಕೆಂಡ್ ಹಿಡಿಯಿತು ಎಂದು ಹೇಳುತ್ತದೆ. ಮೂರು ಕಡೆ ಕೂಗಿ ನೋಡಬೇಕು. ಮೊದಲು ಮನೆಯ ರೂಟರ್, ಅದರ ವಿಳಾಸ ಸಾಮಾನ್ಯವಾಗಿ 192.168.1.1. ಆಮೇಲೆ ಹೊರಗಿನ 8.8.8.8. ಕೊನೆಗೆ ಯಾವುದಾದರೂ ವೆಬ್‌ಸೈಟಿನ ಹೆಸರು. ರೂಟರೇ ಉತ್ತರಿಸದಿದ್ದರೆ ದೋಷ ಮನೆಯೊಳಗೆ. ರೂಟರ್ ಉತ್ತರಿಸಿ 8.8.8.8 ಸುಮ್ಮನಿದ್ದರೆ ದೋಷ ರೂಟರಿನಿಂದ ಆಚೆ. ಎರಡೂ ಉತ್ತರಿಸಿ ಹೆಸರು ಮಾತ್ರ ಸಿಗದಿದ್ದರೆ, ಹೆಸರನ್ನು ಸಂಖ್ಯೆಗೆ ಬದಲಿಸುವ ಡಿಎನ್‌ಎಸ್‌ನಲ್ಲಿ ತೊಂದರೆ. ಅದನ್ನು ಸೆಟ್ಟಿಂಗಿನಲ್ಲೇ ಬದಲಿಸಿಕೊಳ್ಳಬಹುದು.

ಕಡೂರು: ಲೈನಿನ ತಪ್ಪಲ್ಲ, ಷೋಕೇಸಿನ ತಪ್ಪು

ಅಮ್ಮನ ಕ್ಯಾಲೆಂಡರ್ ಎರಡು ಸಂಗತಿ ಹೇಳಿತು. ಕಡಿತವೆಲ್ಲ ಸಂಜೆ ಏಳರಿಂದ ಹತ್ತೂವರೆಯೊಳಗೆ. ಆಗೆಲ್ಲ ದೀಪಗಳು ಹಸಿರು. ಒಂದು ಸಂಜೆ ಅಕ್ಕನ ಕೋಣೆಯಿಂದ ರೂಟರನ್ನೇ ಪಿಂಗ್ ಮಾಡಿದೆ. ಹತ್ತಡಿ ದೂರದ ಪೆಟ್ಟಿಗೆಯಿಂದ ಉತ್ತರ ಒಮ್ಮೆ 3 ಮಿಲಿಸೆಕೆಂಡಿಗೆ, ಒಮ್ಮೆ 400ಕ್ಕೆ, ಕೆಲವೊಮ್ಮೆ ಇಲ್ಲವೇ ಇಲ್ಲ. ಅದೇ ಹೊತ್ತಿಗೆ ಲ್ಯಾನ್ ವೈರ್ ಚುಚ್ಚಿ ನೋಡಿದರೆ ಪ್ರತಿ ಸಲವೂ 1 ಮಿಲಿಸೆಕೆಂಡ್. ಅಲ್ಲಿಗೆ ಕಂಪನಿ, ಕಂಬ, ಫೈಬರ್ ಎಲ್ಲವೂ ನಿರಪರಾಧಿಗಳು. ಕಡಿಯುತ್ತಿದ್ದದ್ದು ವೈಫೈ.

ರೂಟರ್ ಇದ್ದದ್ದು ಷೋಕೇಸಿನೊಳಗೆ, ಟಿವಿಯ ಹಿಂದೆ, ಪಕ್ಕದಲ್ಲಿ ಸ್ಟೀಲ್ ಬೀರು. ಲೋಹ ರೇಡಿಯೊ ಅಲೆಗಳನ್ನು ತಿರುಗಿಸಿ ಕಳಿಸುತ್ತದೆ, ಗೋಡೆ ಸ್ವಲ್ಪ ಸ್ವಲ್ಪವೇ ನುಂಗುತ್ತದೆ. ಅದರ ಮೇಲೆ ಬೀದಿಯ ಗದ್ದಲ. ಮೊಬೈಲಿನಲ್ಲಿ ಎಣಿಸಿದರೆ ಹನ್ನೊಂದು ಮನೆಗಳ ವೈಫೈ ಕಾಣುತ್ತಿತ್ತು, ಬಹುತೇಕ ಎಲ್ಲವೂ 2.4 ಗಿಗಾಹರ್ಟ್ಸ್‌ನಲ್ಲಿ. ಈ ಪಟ್ಟಿಯಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು ಮೂರೇ: 1, 6 ಮತ್ತು 11. ಹಗಲು ಯಾರೂ ಇರುವುದಿಲ್ಲ. ಸಂಜೆ ಎಲ್ಲರೂ ಮನೆಗೆ ಬಂದರೆ ಸಂತೆಯಲ್ಲಿ ಪಿಸುಮಾತು ಕೇಳಿಸಿಕೊಂಡ ಹಾಗೆ.

ರೂಟರನ್ನು ಷೋಕೇಸಿನಿಂದ ತೆಗೆದು ಹಾಲ್ ಮತ್ತು ಕೋಣೆಯ ನಡುವಿನ ಗೋಡೆಯಲ್ಲಿ ಎತ್ತರಕ್ಕೆ ಹಾಕಿದೆವು. 5 ಗಿಗಾಹರ್ಟ್ಸ್‌ಗೆ ಬೇರೆ ಹೆಸರಿಟ್ಟೆವು. ಅದು ದೂರ ಹೋಗುವುದಿಲ್ಲ, ಆದರೆ ಅಲ್ಲಿ ಜಾಗ ಹೆಚ್ಚು, ಗದ್ದಲ ಕಡಿಮೆ. ಅಕ್ಕನ ಮೇಜಿಗೆ ಮಾತ್ರ ಲ್ಯಾನ್ ವೈರನ್ನೇ ಎಳೆದೆವು. ವೈರಿಗೆ ನಾನೂರು ರೂಪಾಯಿಯೂ ಆಗಲಿಲ್ಲ. ಕ್ಯಾಲೆಂಡರಿನ ಮುಂದಿನ ವಾರ ಬರೀ ಹಾಲಿನ ಲೆಕ್ಕವೇ ಇತ್ತು. ಅಕ್ಕ ಊರಿನಲ್ಲೇ ಇದ್ದಾಳೆ.

ತರೀಕೆರೆ: ಗಾಳಿಗೆ ಆರುವ ಬೆಳಕು

ದೊಡ್ಡಪ್ಪನದು ಅಡಿಕೆ ತೋಟದ ಮನೆ. ಅಡಿಕೆ ಒಣಗಿಸುವ ಕಣಕ್ಕೆ ಕ್ಯಾಮೆರಾ ಹಾಕಿಸಿದ್ದಾರೆ. ವರ್ಷದ ದುಡಿಮೆ ಅಂಗಳದಲ್ಲಿ ಹರಡಿರುವಾಗ ಕಳ್ಳರ ಭಯ ಇದ್ದೇ ಇರುತ್ತದೆ. ಆದರೆ ಗಾಳಿ ಬೀಸುವ ರಾತ್ರಿಗಳಲ್ಲೇ ಕ್ಯಾಮೆರಾ ಮೊಬೈಲಿಗೆ ಸಿಗುತ್ತಿರಲಿಲ್ಲ. ಯಾರೋ ಹೇಳಿದರೆಂದು ಹೊಸ ರೂಟರ್ ತಂದಿದ್ದರು, ಪ್ರಯೋಜನವಾಗಿರಲಿಲ್ಲ. ಇಲ್ಲಿ ‘ಎಲ್‌ಓಎಸ್’ ಕೆಂಪಗೆ ಮಿನುಗುತ್ತಿತ್ತು. ಹಾಗಿದ್ದರೆ ವೈಫೈ ರೂಟರ್ ಎಷ್ಟು ಬದಲಿಸಿದರೂ ಅಷ್ಟೇ.

ಫೈಬರ್ ಪೆಟ್ಟಿಗೆಯ ಒಳಪುಟದಲ್ಲಿ ಬರುತ್ತಿರುವ ಬೆಳಕಿನ ಪ್ರಮಾಣ ಕಾಣುತ್ತದೆ, ಡಿಬಿಎಂ ಎಂಬ ಅಳತೆಯಲ್ಲಿ. ಸಂಖ್ಯೆಯ ಹಿಂದೆ ಮೈನಸ್ ಇರುತ್ತದೆ. ಮೂರು ಅಂಕ ಕೆಳಗಿಳಿದರೆ ಬೆಳಕು ಅರ್ಧವಾಯಿತು ಎಂದು ಲೆಕ್ಕ. ಮನೆಗಳ ಸಾಮಾನ್ಯ ಪೆಟ್ಟಿಗೆಗಳಿಗೆ ಮೈನಸ್ 27ರ ಆಸುಪಾಸು ಕೊನೆಯ ಗೆರೆ. ದೊಡ್ಡಪ್ಪನ ಮನೆಯಲ್ಲಿ ಗಾಳಿ ಇಲ್ಲದಾಗ ಮೈನಸ್ 23, ಗಾಳಿ ಎದ್ದಾಗ ಮೈನಸ್ 29. ನಾಲ್ಕರಲ್ಲಿ ಮೂರು ಪಾಲು ಬೆಳಕು ದಾರಿಯಲ್ಲೇ ಸೋರಿಹೋಗುತ್ತಿತ್ತು!

ಕೇಬಲ್ಲಿನ ಗುಂಟ ನಡೆದು ನೋಡಿದೆವು. ರಸ್ತೆಯ ಕಂಬದಿಂದ ಮನೆಯವರೆಗೆ ಅದನ್ನು ಅಡಿಕೆ ಮರದಿಂದ ಮರಕ್ಕೆ ಬಿಗಿಯಾಗಿ ಕಟ್ಟಲಾಗಿತ್ತು. ಅಡಿಕೆ ಮರ ಗಾಳಿಗೆ ಬಳುಕುತ್ತದೆ. ಬಳುಕಿದಾಗಲೆಲ್ಲ ಕಟ್ಟಿದ ಜಾಗದಲ್ಲಿ ಕೇಬಲ್ ಮಡಿಚಿಕೊಳ್ಳುತ್ತಿತ್ತು. ಒಂದು ಕಡೆ ಬಿದ್ದ ಸೋಗೆಯೊಂದು ಅದರ ಮೇಲೇ ನೇತಾಡುತ್ತಿತ್ತು. ಗಾಜಿನ ಎಳೆಯೊಳಗೆ ಬೆಳಕು ಅಂಚಿಗೆ ತಾಗಿ ಒಳಕ್ಕೇ ಪ್ರತಿಫಲಿಸುತ್ತಾ ಸಾಗುತ್ತದೆ. ತೀರಾ ಚೂಪಾಗಿ ಬಾಗಿಸಿದರೆ ಆ ತಿರುವಿನಲ್ಲಿ ಹೊರಕ್ಕೆ ಸೋರುತ್ತದೆ. ಎಳೆ ತುಂಡಾಗಬೇಕೆಂದೇನಿಲ್ಲ.

ಲೈನ್ ಹುಡುಗನಿಗೆ ಈ ಎರಡು ಸಂಖ್ಯೆಗಳ ಫೋಟೊ ಕಳಿಸಿದೆ. ಅದಕ್ಕೆ ಮುಂಚೆ ಆತ ನಾಲ್ಕು ಸಲ ಬಂದು ಹೋಗಿದ್ದ. ಐದನೆಯ ಸಲ ಬರುವಾಗ ಕಬ್ಬಿಣದ ತಂತಿಯನ್ನೇ ತಂದ. ಬೇಲಿಯ ಕಲ್ಲುಕಂಬಗಳ ಗುಂಟ ತಂತಿ ಎಳೆದು, ಕೇಬಲ್ಲನ್ನು ಅದಕ್ಕೆ ಸಡಿಲವಾಗಿ ಕಟ್ಟಿದ. ಈಗ ಗಾಳಿಯಿದ್ದರೂ ಮೈನಸ್ 22. ಒಂದು ಎಚ್ಚರಿಕೆ: ಫೈಬರ್ ತುದಿಯನ್ನು ಬಿಚ್ಚಿ ಕಣ್ಣಿಗೆ ಹಿಡಿದು ನೋಡಬೇಡಿ. ಅದರಲ್ಲಿ ಬರುವುದು ಕಣ್ಣಿಗೆ ಕಾಣದ ಲೇಸರ್ ಬೆಳಕು.

ಅಜ್ಜಂಪುರ: ಮೂರು ನಿಮಿಷದ ಬೆಲೆ

ಅತ್ತೆ ಅಜ್ಜಂಪುರದ ಹತ್ತಿರದ ಹಳ್ಳಿಯಲ್ಲಿ ತೋಟದ ಮನೆಯ ಮುಂದಿನ ಕೋಣೆಯಲ್ಲೇ ಆನ್‌ಲೈನ್ ಅರ್ಜಿ ಹಾಕಿಕೊಡುತ್ತಾರೆ. ಪಹಣಿ, ಜಾತಿ–ಆದಾಯ ಪ್ರಮಾಣಪತ್ರ, ಮಕ್ಕಳ ಸ್ಕಾಲರ್‌ಶಿಪ್. ಈರುಳ್ಳಿ ಕೀಳುವ ಕೂಲಿ ಬಿಟ್ಟು ಬಂದವರು ಬೆಂಚಿನ ಮೇಲೆ ಕಾಯುತ್ತಿರುತ್ತಾರೆ. ಅರ್ಜಿ ತುಂಬಿ, ಓಟಿಪಿ ಹಾಕುವ ಹೊತ್ತಿಗೆ ಸರಿಯಾಗಿ ನೆಟ್ ಹೋಗಿ, ಮೂರು ನಿಮಿಷಕ್ಕೆ ಬರುತ್ತಿತ್ತು. ಅಷ್ಟರಲ್ಲಿ ಓಟಿಪಿ ಸತ್ತಿರುತ್ತಿತ್ತು. ಮತ್ತೆ ಮೊದಲಿನಿಂದ.

‘ಕರೆಂಟ್ ಸಮಸ್ಯೆ ಅಲ್ಲ ಕಣೇ, ಕಂಪ್ಯೂಟರ್ ಆಫ್ ಆಗೋದೇ ಇಲ್ಲ’ ಎಂದರು ಅತ್ತೆ. ಕಂಪ್ಯೂಟರಿಗೆ ಯುಪಿಎಸ್ ಇತ್ತು. ಆದರೆ ಫೈಬರ್ ಪೆಟ್ಟಿಗೆಯನ್ನು ಚುಚ್ಚಿದ್ದು ಗೋಡೆಯ ಇನ್ನೊಂದು ಬೋರ್ಡಿಗೆ. ಆ ಲೈನಿನಲ್ಲೇ ಪಂಪ್‌ಸೆಟ್‌ಗಳೂ ಇವೆ. ತ್ರೀ ಫೇಸ್ ಬರುವಾಗ, ಹೋಗುವಾಗ ಕರೆಂಟ್ ಒಂದು ಕ್ಷಣ ಕಣ್ಣು ಮಿಟುಕಿಸುತ್ತದೆ. ಬಲ್ಬು ಮಿನುಗಿದ್ದು ಯಾರ ಗಮನಕ್ಕೂ ಬರುವುದಿಲ್ಲ. ಪೆಟ್ಟಿಗೆಗೆ ಅಷ್ಟು ಸಾಕು, ಆರಿ ಹತ್ತಿ ಮತ್ತೆ ಸಂಪರ್ಕ ಹಿಡಿಯಲು ಎರಡು ಮೂರು ನಿಮಿಷ. ಅತ್ತೆಯ ಪುಸ್ತಕದ ಸಮಯಗಳನ್ನು ತ್ರೀ ಫೇಸ್ ಬದಲಾಗುವ ಹೊತ್ತಿನ ಜತೆ ಇಟ್ಟು ನೋಡಿದಾಗ ಹೆಚ್ಚಿನವು ಹೊಂದಿಕೆಯಾದವು.

ಉಳಿದವಕ್ಕೂ ಕಾರಣವಿತ್ತು. ಪೆಟ್ಟಿಗೆಯ ಅಸಲಿ ಅಡಾಪ್ಟರ್ ಸುಟ್ಟಾಗ ಹಳೆಯ ಸೆಟ್‌ಟಾಪ್ ಬಾಕ್ಸಿನದನ್ನು ಹಾಕಲಾಗಿತ್ತು. ಬೇಕಾದದ್ದು 12 ವೋಲ್ಟ್ 1 ಆಂಪ್, ಇದ್ದದ್ದು 12 ವೋಲ್ಟ್ ಅರ್ಧ ಆಂಪ್. ಕೆಲಸ ಕಡಿಮೆ ಇದ್ದಾಗ ನಡೆಯುತ್ತದೆ, ನಾಲ್ಕು ಮೊಬೈಲ್ ಸೇರಿದಾಗ ಉಸಿರು ಕಟ್ಟುತ್ತದೆ. ಅಡಾಪ್ಟರ್ ಬದಲಿಸುವಾಗ ವೋಲ್ಟ್ ಅಷ್ಟೇ ಇರಬೇಕು, ಆಂಪ್ ಅಷ್ಟೇ ಅಥವಾ ಹೆಚ್ಚಿರಬೇಕು, ಪಿನ್ನಿನ ಪ್ಲಸ್ ಮೈನಸ್ ಹೊಂದಬೇಕು. ಸರಿಯಾದ ಅಡಾಪ್ಟರ್ ಹಾಕಿ, ಪೆಟ್ಟಿಗೆಯನ್ನೂ ಯುಪಿಎಸ್‌ಗೇ ಚುಚ್ಚಿದೆವು. ಯುಪಿಎಸ್ ಇಲ್ಲದ ಮನೆಗೆ ರೂಟರಿಗೆಂದೇ ಬರುವ ಸಣ್ಣ 12 ವೋಲ್ಟ್ ಬ್ಯಾಟರಿ ಸಾಕು.

ದೋಷ ನಮ್ಮ ಮನೆಯದಲ್ಲದಿದ್ದರೆ

ಪಿಂಗ್ ರೂಟರಿನವರೆಗೆ ಸರಿ, ಲ್ಯಾನ್ ವೈರಿನಲ್ಲೂ ಅದೇ ಕಥೆ, ದೀಪವೂ ಹಸಿರು, ಆದರೂ ಹೊರಗೆ ಹೋಗುತ್ತಿಲ್ಲ ಎಂದರೆ ಅದು ಕಂಪನಿಯೇ ಸರಿಮಾಡಬೇಕಾದ ದೋಷ. ಆಗ ಬರೀ ಫೋನಿನಲ್ಲಿ ಬೈದರೆ ಸಾಲದು. ಟ್ರಾಯ್ 2012ರಲ್ಲಿ ಮಾಡಿದ ನಿಯಮದಂತೆ ಪ್ರತಿ ದೂರಿಗೂ ಡಾಕೆಟ್ ಸಂಖ್ಯೆ ಕೊಡಬೇಕು. ಪರಿಹಾರ ಸಿಗದಿದ್ದರೆ 30 ದಿನಗಳೊಳಗೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು. ದಿನಾಂಕ, ಸಮಯ, ಪಿಂಗ್ ಫಲಿತಾಂಶದ ಸ್ಕ್ರೀನ್‌ಶಾಟ್ ಇದ್ದರೆ ‘ರೀಸ್ಟಾರ್ಟ್ ಮಾಡಿ ನೋಡಿ’ ಎಂಬ ಉತ್ತರಕ್ಕೆ ಜಾಗ ಉಳಿಯುವುದಿಲ್ಲ.

2004ರ ಬ್ರಾಡ್‌ಬ್ಯಾಂಡ್ ನೀತಿಯಲ್ಲಿ 256 ಕೆಬಿಪಿಎಸ್ ಇದ್ದರೆ ಅದೇ ಬ್ರಾಡ್‌ಬ್ಯಾಂಡ್. 2023ರಲ್ಲಿ ಆ ಕನಿಷ್ಠ ಮಿತಿ 2 ಎಂಬಿಪಿಎಸ್ ಆಯಿತು. ಈಗಿನ ಜಾಹೀರಾತುಗಳಲ್ಲಿ ನೂರು, ಮುನ್ನೂರು. ವೇಗ ಎಷ್ಟು ಎಂದು ಎಲ್ಲರೂ ಕೇಳುತ್ತಾರೆ, ದಿನಕ್ಕೆ ಎಷ್ಟು ಸಲ ಹೋಗುತ್ತದೆ ಎಂದು ಯಾರೂ ಕೇಳುವುದಿಲ್ಲ. ನಮ್ಮಂಥ ಊರುಗಳಲ್ಲಿ ಕೆಲಸ ಉಳಿಯುವುದು, ಅರ್ಜಿ ಪೂರ್ತಿಯಾಗುವುದು, ಕಣದ ಅಡಿಕೆ ಕಾಣುವುದು ಎರಡನೆಯ ಲೆಕ್ಕದ ಮೇಲೆ.

ಲೈನ್ ಹುಡುಗನ ಬಗ್ಗೆ ಒಂದು ಮಾತು. ಇಪ್ಪತ್ತು ಹಳ್ಳಿಗೆ ಒಬ್ಬನೇ, ಮಳೆಯಲ್ಲೂ ಬೈಕಿನಲ್ಲಿ ಏಣಿ ಕಟ್ಟಿಕೊಂಡು ಬರುವವನು. ವಯಸ್ಸಿನಲ್ಲಿ ನನಗಿಂತ ಮೂರ್ನಾಲ್ಕು ವರ್ಷ ದೊಡ್ಡವನಿರಬಹುದು. ಕಾಣದ ದೋಷಕ್ಕೆ ಬೈಸಿಕೊಳ್ಳುವುದು ಆತನ ದಿನಚರಿ. ಮುಂದಿನ ಸಲ ನಿಮ್ಮ ಮನೆಗೆ ಬಂದಾಗ ಒಂದು ಲೋಟ ಮಜ್ಜಿಗೆಯ ಜತೆ ಸಮಯ ಬರೆದಿಟ್ಟ ಆ ಕ್ಯಾಲೆಂಡರ್ ಹಾಳೆಯನ್ನೂ ಕೈಗೆ ಕೊಡಿ. ಆತನಿಗೆ ಬೇಕಾದದ್ದು ಅದೇ.