ವಠಾರದೊಳಗೊಂದು ವಠಾರ

ಫೈಬರ್ ಕನೆಕ್ಷನ್ ಕೊಡಲು ಬಂದ ಹುಡುಗ ಬಾಗಿಲ ಪಕ್ಕದ ಗೋಡೆಗೆ ಬಿಳಿ ಡಬ್ಬಿಯೊಂದನ್ನು ಹೊಡೆದು, ತನ್ನ ಫೋನಿನಲ್ಲಿ ಸ್ಪೀಡು ತೋರಿಸಿ ಹೊರಟುಬಿಡುತ್ತಾನೆ. ಹಾಲಿನಲ್ಲಿ ಎಲ್ಲ ಚೆನ್ನ. ಎರಡು ಗೋಡೆ ದಾಟಿ ಹಿಂದಿನ ರೂಮಿಗೆ ಹೋದರೆ ವಿಡಿಯೊ ಸುತ್ತುತ್ತಾ ನಿಲ್ಲುತ್ತದೆ. ಆಗ ಅಂಗಡಿಯಿಂದ ಒಂದು ರೂಟರ್ ತಂದು ಡಬ್ಬಿಗೆ ಸಿಕ್ಕಿಸುತ್ತೇವೆ. ತಾಪತ್ರಯ ಶುರುವಾಗುವುದೇ ಅಲ್ಲಿಂದ.

ನಾವು ಮೋಡೆಮ್ ಎನ್ನುವ ಆ ಡಬ್ಬಿ ಬರೀ ಮೋಡೆಮ್ ಅಲ್ಲ. ಫೈಬರಿನ ಬೆಳಕನ್ನು ವಿದ್ಯುತ್ ಸಂಕೇತವಾಗಿಸುವುದು ಅದರ ಒಂದು ಕೆಲಸವಷ್ಟೇ. ಸಾಮಾನ್ಯವಾಗಿ ರೂಟರೂ ವೈಫೈಯೂ ಅದರೊಳಗೇ ಇರುತ್ತವೆ. ಅಲ್ಲಿಗೆ ಮನೆಯಲ್ಲಿ ಯಜಮಾನರು ಇಬ್ಬರಾದರು.

ಹಳೆಯ ಬೆಂಗಳೂರಿನ ವಠಾರ ನೆನಪಿಸಿಕೊಳ್ಳಿ. ರಸ್ತೆಗೆ ಒಂದೇ ಡೋರ್ ನಂಬರು, ಒಳಗೆ ಹತ್ತು ಸಂಸಾರ. ಬಂದ ಕಾಗದ ಯಾರದೆಂದು ಗೊತ್ತಿರುವುದು ಒಳಗಿನವರಿಗೆ ಮಾತ್ರ. ರೂಟರ್ ಮಾಡುವುದೂ ಇದನ್ನೇ. ಮೊಬೈಲು, ಟಿವಿ, ಲ್ಯಾಪ್‌ಟಾಪ್‌ಗಳಿಗೆ ಸಾಮಾನ್ಯವಾಗಿ 192.168ರಿಂದ ಶುರುವಾಗುವ ಒಳವಿಳಾಸ ಹಂಚುತ್ತದೆ. ಯಾರು ಏನು ಕೇಳಿದರೆಂದು ಪಟ್ಟಿ ಇಟ್ಟುಕೊಂಡು, ಬಂದ ಉತ್ತರವನ್ನು ಅವರವರಿಗೆ ಮುಟ್ಟಿಸುತ್ತದೆ. ಇದರ ಹೆಸರು ನ್ಯಾಟ್. ಎರಡು ರೂಟರ್ ಅಂದರೆ ವಠಾರದೊಳಗೊಂದು ವಠಾರ. ಯೂಟ್ಯೂಬು, ವಾಟ್ಸಾಪಿಗೆ ಇದರಿಂದ ಬಾಧೆಯಿಲ್ಲ. ಆದರೆ ಹಳೆಯ ಡಬ್ಬಿಯ ವೈಫೈ ಹಿಡಿದ ಫೋನಿಗೆ ಹೊಸ ರೂಟರಿನ ಹಿಂದಿರುವ ಪ್ರಿಂಟರ್ ಕಾಣಿಸುವುದಿಲ್ಲ. ಆನ್‌ಲೈನ್ ಆಟ ಆಡುವ ಮಕ್ಕಳೂ ಗೊಣಗಬಹುದು. ಎರಡೂ 192.168.1.1 ಎಂಬ ಒಂದೇ ವಿಳಾಸ ಹಿಡಿದು ಕೂತರಂತೂ ನೆಟ್ಟೇ ಇಲ್ಲ.

ಹೆಚ್ಚಿನ ಮನೆಗಳಿಗೆ ನಾನು ಹೇಳುವುದು ಇಷ್ಟೇ: ಹೊಸ ರೂಟರನ್ನು ಆಕ್ಸೆಸ್ ಪಾಯಿಂಟ್ ಮೋಡ್‌ಗೆ ಹಾಕಿಬಿಡಿ. ಆಮೇಲೆ ಅದು ವಿಳಾಸ ಹಂಚುವ ಗೋಜಿಗೆ ಹೋಗುವುದಿಲ್ಲ, ವೈಫೈ ಮಾತ್ರ ಕೊಡುತ್ತದೆ. ಆ ಮೋಡ್ ಇಲ್ಲದ ಹಳೆಯ ರೂಟರ್ ಆದರೆ ಮೊದಲು ಅದರ ವಿಳಾಸವನ್ನು 192.168.1.2 ಎಂಬಂತೆ ಬೇರೆ ಮಾಡಿ, ವಿಳಾಸ ಹಂಚುವ ಡಿಎಚ್‌ಸಿಪಿಯನ್ನು ಆಫ್ ಮಾಡಿ, ಕೇಬಲನ್ನು ವ್ಯಾನ್ ಪೋರ್ಟಿಗೆ ಬದಲು ಲ್ಯಾನ್ ಪೋರ್ಟಿಗೆ ಹಾಕಿ. ಎರಡೂ ವೈಫೈಗೆ ಒಂದೇ ಹೆಸರು, ಒಂದೇ ಪಾಸ್‌ವರ್ಡ್ ಇರಲಿ. ಚಾನೆಲ್ ಮಾತ್ರ ಬೇರೆ ಬೇರೆ: 2.4 ಗಿಗಾಹರ್ಟ್ಸ್‌ನಲ್ಲಿ ಒಂದಕ್ಕೆ 1, ಇನ್ನೊಂದಕ್ಕೆ 6 ಅಥವಾ 11. ರೂಟರ್ ಇಡಬೇಕಾದದ್ದು ಸಿಗ್ನಲ್ ಸಿಗದ ರೂಮಿನ ಹತ್ತಿರ. ಹಳೆಯ ಡಬ್ಬಿಯ ತಲೆಯ ಮೇಲೇ ಕೂರಿಸಿದವರನ್ನೂ ಕಂಡಿದ್ದೇನೆ.

ಕೇಬಲ್ ವಿಷಯದಲ್ಲಿ ಜಿಪುಣತನ ಬೇಡ. ಕ್ಯಾಟ್ 5ಇ ಸಾಕು, ಆದರೆ ಒಳಗಿನ ಎಂಟೂ ತಂತಿ ಸರಿಯಾಗಿ ಕ್ರಿಂಪ್ ಆಗಿರಬೇಕು. ನಾಲ್ಕೇ ಹಿಡಿದಿದ್ದರೆ 100 ಎಂಬಿಪಿಎಸ್‌ಗಿಂತ ಮೇಲೆ ಏರುವುದಿಲ್ಲ. 300ರ ಪ್ಲಾನ್‌ಗೆ ದುಡ್ಡು ಕಟ್ಟಿಯೂ ಸ್ಪೀಡು 94ರ ಆಸುಪಾಸಿನಲ್ಲೇ ನಿಂತಿದ್ದರೆ ಕಂಪನಿಯವರನ್ನು ಬೈಯುವ ಮೊದಲು ಕೇಬಲ್ ಬದಲಿಸಿ ನೋಡಿ.

ಹೊಸ ರೂಟರೇ ಯಜಮಾನನಾಗಬೇಕು ಎನ್ನುವವರಿಗೆ ಬ್ರಿಜ್ ಮೋಡ್ ಇದೆ. ಆಗ ಡಬ್ಬಿ ಬೆಳಕು ಬದಲಿಸುವ ಕೆಲಸಕ್ಕೆ ಮಾತ್ರ ಸೀಮಿತ. ಇದನ್ನು ಸಾಮಾನ್ಯವಾಗಿ ಕಂಪನಿಯವರೇ ಮಾಡಿಕೊಡಬೇಕು, ಕೆಲವರು ಒಪ್ಪುವುದೂ ಇಲ್ಲ. ಒಪ್ಪಿದರೆ ಪಿಪಿಪಿಒಇ ಯೂಸರ್‌ನೇಮು, ಪಾಸ್‌ವರ್ಡು, ವಿಎಲ್ಯಾನ್ ನಂಬರು ಕೇಳಿ ಮೊದಲೇ ಬರೆದಿಟ್ಟುಕೊಳ್ಳಿ. ಡಬ್ಬಿಗೆ ಲ್ಯಾಂಡ್‌ಲೈನ್ ಫೋನ್ ಸಿಕ್ಕಿಸಿದ್ದರೆ ಅದು ಮುಂದೆಯೂ ನಡೆಯುತ್ತದೆಯೇ ಎಂದೂ ವಿಚಾರಿಸಿ.

ಸಿಸಿಟಿವಿಯನ್ನು ಹೊರಗಿನಿಂದ ನೋಡಬೇಕೆಂದೇ ಬ್ರಿಜ್ ಮಾಡಿಸುವವರು ಅದಕ್ಕೂ ಮುಂಚೆ ಡಬ್ಬಿಯ ಸ್ಟೇಟಸ್ ಪುಟದಲ್ಲಿ ವ್ಯಾನ್ ವಿಳಾಸ ನೋಡಲಿ. ಅದು 100.64ರಿಂದ 100.127ರ ನಡುವೆ ಇದ್ದರೆ ಕಂಪನಿಯೇ ಒಂದು ದೊಡ್ಡ ವಠಾರ ಎಂದರ್ಥ. ನೂರಾರು ಮನೆಗಳು ಒಂದೇ ಹೊರವಿಳಾಸ ಹಂಚಿಕೊಂಡಿರಬಹುದು. ಬ್ರಿಜ್ ಮಾಡಿದರೂ, ಹೊರಗಿನಿಂದ ಬಂದ ಕರೆಯನ್ನು ಒಳಗಿನ ಕ್ಯಾಮೆರಾಗೆ ದಾಟಿಸುವ ಪೋರ್ಟ್ ಫಾರ್ವರ್ಡಿಂಗ್ ನಡೆಯದು. ಸ್ಟ್ಯಾಟಿಕ್ ಐಪಿ ಕೊಳ್ಳಬೇಕು, ಇಲ್ಲವೇ ಕ್ಲೌಡ್ ಮೂಲಕ ತೋರಿಸುವ ಕ್ಯಾಮೆರಾ ಹಾಕಿಸಬೇಕು.

ಯಾವ ದಾರಿ ಹಿಡಿದರೂ ಯುಪಿಎಸ್ ಲೆಕ್ಕ ಮರೆಯಬೇಡಿ. ಕರೆಂಟು ಹೋದಾಗ ಹೊಸ ರೂಟರಿನ ದೀಪ ಉರಿಯುತ್ತಿದ್ದರೆ ಸಾಲದು, ಬಾಗಿಲ ಪಕ್ಕದ ಡಬ್ಬಿಯದೂ ಉರಿಯುತ್ತಿರಬೇಕು.