ಬೆಳಕು ಹೆಚ್ಚಾದ ಜಾಗದ ಲೆಕ್ಕ

ನಾಸಾದ ‘ವೈಸ್’ ದೂರದರ್ಶಕ 2009ರ ಡಿಸೆಂಬರ್‌ನಲ್ಲಿ ಕಕ್ಷೆ ಸೇರಿತು. ಬರೀ 40 ಸೆಂಟಿಮೀಟರ್ ಅಗಲದ ಕನ್ನಡಿಯಿಂದ ಅದು ಇಡೀ ಆಕಾಶವನ್ನು ನಾಲ್ಕು ಅವಕೆಂಪು ತರಂಗಾಂತರಗಳಲ್ಲಿ ಚಿತ್ರಿಸಿತು. 2013ರಲ್ಲಿ ಪ್ರಕಟವಾದ ‘ಆಲ್‌ವೈಸ್’ ಪಟ್ಟಿಯಲ್ಲಿ ಸುಮಾರು 74 ಕೋಟಿ 70 ಲಕ್ಷ ನಮೂದುಗಳಿವೆ. ಪ್ರತಿ ನಮೂದಿನ ಜೊತೆಗೂ, ತರಂಗಾಂತರಕ್ಕೊಂದರಂತೆ, ನಾಲ್ಕು ಅಕ್ಷರಗಳ ಸಂಕೇತವಿದೆ. ಸೊನ್ನೆ ಇದ್ದರೆ ತಕರಾರಿಲ್ಲ. ‘ಡಿ’ ಇದ್ದರೆ ಪಕ್ಕದ ಉಜ್ವಲ ತಾರೆಯ ಬೆಳಕಿನ ಮುಳ್ಳು, ‘ಎಚ್’ ಇದ್ದರೆ ಅದರ ಪ್ರಭಾವಲಯ, ‘ಓ’ ಇದ್ದರೆ ಮಸೂರ-ಕನ್ನಡಿಗಳ ನಡುವೆ ಪ್ರತಿಫಲಿಸಿ ಹುಟ್ಟಿದ ಭೂತಬಿಂಬ, ‘ಪಿ’ ಇದ್ದರೆ ತಾರೆ ಚೌಕಟ್ಟಿನಿಂದ ಜಾರಿಹೋದ ಮೇಲೂ ಪಿಕ್ಸೆಲ್‌ಗಳಲ್ಲಿ ಉಳಿದ ಮಾಸಲು ಗುರುತು. ಇಂಗ್ಲಿಷಿನ ದೊಡ್ಡ ಅಕ್ಷರ ಬಂದಿದ್ದರೆ ಆ ಕಾಯವೇ ಸುಳ್ಳಿರಬಹುದು. ಸಣ್ಣ ಅಕ್ಷರವಾದರೆ ಕಾಯ ನಿಜ, ಅಳತೆ ಮಾತ್ರ ಕಲಬೆರಕೆ. ಖಗೋಳ ಸಮೀಕ್ಷೆಯ ಪ್ರಾಮಾಣಿಕತೆ ಅದರ ಸುಂದರ ಚಿತ್ರಗಳಿಗಿಂತ ಈ ಸಣ್ಣ ಅಕ್ಷರಗಳಲ್ಲೇ ಹೆಚ್ಚಾಗಿದೆ ಎಂಬುದು ನನ್ನ ವಾದ.

ಉಜ್ವಲ ತಾರೆಗಳ ಸುತ್ತಲಿನ ಜಾಗವನ್ನು ಲೆಕ್ಕದಿಂದ ಹೊರಗಿಡುವುದಕ್ಕೆ ‘ಮಾಸ್ಕ್’ ಹಾಕುವುದು ಎನ್ನುತ್ತಾರೆ. ಕೇಳಿದವರಿಗೆ ಏನನ್ನೋ ಮುಚ್ಚಿಡುವ ಕೆಲಸದಂತೆ ತೋರಬಹುದು. ಆದರೆ ಜನಗಣತಿಗೆ ಹೋದವರು ಬೀಗ ಹಾಕಿದ ಮನೆಯನ್ನು ‘ಬೀಗ’ ಎಂದು ಬರೆಯುವುದಕ್ಕೂ ‘ಇಲ್ಲಿ ಯಾರೂ ವಾಸವಿಲ್ಲ’ ಎಂದು ಬರೆಯುವುದಕ್ಕೂ ಇರುವ ವ್ಯತ್ಯಾಸವೇ ಇಲ್ಲೂ ಇರುವುದು. ಮಾಸ್ಕ್ ಇಲ್ಲದ ಪಟ್ಟಿಯಲ್ಲಿ ತಾರೆಯ ಮುಳ್ಳುಗಳ ಉದ್ದಕ್ಕೂ ಇಲ್ಲದ ಗೆಲಾಕ್ಸಿಗಳು ಸಾಲುಗಟ್ಟುತ್ತವೆ. ತಾರೆಯ ಒಡಲಿಗೆ ಹತ್ತಿರ ಇದ್ದ ಗೆಲಾಕ್ಸಿಗಳು ಮಾಯವಾಗುತ್ತವೆ. ಎರಡೂ ಸುಳ್ಳು ಮಾಹಿತಿಯೇ.

ಯಾವ ತಾರೆಗೆ ಮಾಸ್ಕ್ ಎಂಬ ಪ್ರಶ್ನೆಗೆ ನಮ್ಮ ಕಣ್ಣು ಒಳ್ಳೆಯ ಮಾರ್ಗದರ್ಶಿಯಲ್ಲ. ಆರ್ದ್ರಾ, ಜ್ಯೇಷ್ಠಾಗಳಂಥ ತಂಪು ಕೆಂಪು ತಾರೆಗಳು ತಮ್ಮ ಬೆಳಕಿನ ಬಹುಪಾಲನ್ನು ಅವಕೆಂಪಿನಲ್ಲೇ ಸೂಸುತ್ತವೆ. ಸಿಂಹರಾಶಿಯ ಸಿಡಬ್ಲ್ಯೂ ಲಿಯೋನಿಸ್ ಇನ್ನೂ ವಿಚಿತ್ರ. ತಾನೇ ಉಗುಳಿದ ಇಂಗಾಲದ ಧೂಳಿನಲ್ಲಿ ಹುದುಗಿರುವ ಈ ತಾರೆ ಕಣ್ಣಿಗೆ ಕಾಣುವ ಬೆಳಕಿನಲ್ಲಿ ತೀರ ಮಂಕು; 5 ಮೈಕ್ರಾನ್ ತರಂಗಾಂತರದಲ್ಲಾದರೋ ಸೌರವ್ಯೂಹದಾಚೆಯ ಅತಿ ಪ್ರಕಾಶಮಾನ ಕಾಯಗಳ ಸಾಲಿನಲ್ಲಿ ಮುಂದೆ ನಿಲ್ಲುತ್ತದೆ. ಗೆರಿ ನ್ಯೂಗೆಬೌವರ್ ಮತ್ತು ರಾಬರ್ಟ್ ಲೇಟನ್ ಮೌಂಟ್ ವಿಲ್ಸನ್‌ನಿಂದ ನಡೆಸಿ 1969ರಲ್ಲಿ ಪ್ರಕಟಿಸಿದ 2 ಮೈಕ್ರಾನ್ ಸಮೀಕ್ಷೆಯಿಂದಲೇ ಇದು ಬೆಳಕಿಗೆ ಬಂದದ್ದು. ಹಾಗಾಗಿ ಅವಕೆಂಪು ಮಾಸ್ಕ್‌ಗೆ ಅವಕೆಂಪಿನಲ್ಲೇ ತಯಾರಾದ ತಾರಾಪಟ್ಟಿ ಬೇಕು.

ತಾರೆಯ ಬೆಳಕನ್ನು ಗಣಿತದಿಂದಲೇ ಕಳೆದುಬಿಟ್ಟರೆ ಮಾಸ್ಕ್‌ನ ಹಂಗೇಕೆ ಎಂಬುದು ಗಟ್ಟಿ ಆಕ್ಷೇಪ. ಕಾಂತಿಮಾನದಲ್ಲಿ 5ರ ಅಂತರವೆಂದರೆ 100 ಪಟ್ಟು. 2ನೇ ಕಾಂತಿಮಾನದ ತಾರೆಗೂ 17ನೇ ಕಾಂತಿಮಾನದ ಗೆಲಾಕ್ಸಿಗೂ 10 ಲಕ್ಷ ಪಟ್ಟು ವ್ಯತ್ಯಾಸ. ತಾರೆಯ ಬಿಂಬದ ಆಕಾರವನ್ನು ಊಹಿಸುವುದರಲ್ಲಿ ಕೂದಲೆಳೆಯಷ್ಟು ತಪ್ಪಿದರೂ ಆ ತಪ್ಪೇ ಗೆಲಾಕ್ಸಿಗಿಂತ ದೊಡ್ಡದು. ಆಕಾರ ಕರಾರುವಾಕ್ಕಾಗಿ ಗೊತ್ತಿದೆಯೆಂದೇ ಇಟ್ಟುಕೊಳ್ಳೋಣ. ಬೆಳಕು ಕಣಕಣವಾಗಿ ಬರುತ್ತದೆ. 10 ಲಕ್ಷ ಕಣ ಬಿದ್ದ ಪಿಕ್ಸೆಲ್‌ನಲ್ಲಿ 1,000ದಷ್ಟು ಏರಿಳಿತ ಸಹಜ. ಸರಾಸರಿಯನ್ನು ಕಳೆಯಬಹುದು, ಏರಿಳಿತವನ್ನು ಕಳೆಯಲಾಗದು. ಅದರಡಿ 100 ಕಣಗಳ ಗೆಲಾಕ್ಸಿ ಇದ್ದರೂ ಪತ್ತೆಯಾಗದು. ತಾರೆಯ ನಡುಭಾಗದಲ್ಲಂತೂ ಪಿಕ್ಸೆಲ್‌ಗಳೇ ತುಂಬಿ ತುಳುಕಿರುತ್ತವೆ, ಕಳೆಯಲು ಸಂಖ್ಯೆಯೇ ಇಲ್ಲ. ಹೊರ ಅಂಚಿನಲ್ಲಿ ಕಳೆಯುವ ವಿಧಾನ ನಿಜಕ್ಕೂ ಉಪಯುಕ್ತ. ಅದರಿಂದ ಮಾಸ್ಕ್ ಚಿಕ್ಕದಾಗುತ್ತದೆ, ಇಲ್ಲವಾಗುವುದಿಲ್ಲ.

ಮಾಸ್ಕ್ ಹಾಕಿದ ಜಾಗದಲ್ಲೇ ಹೊಸ ಕಾಯವೊಂದು ಇದ್ದರೆ? ಈ ಆತಂಕಕ್ಕೆ ಅರ್ಥವಿದೆ. ಅದಕ್ಕೇ ಪಿಕ್ಸೆಲ್‌ಗಳನ್ನು ಅಳಿಸದೆ ಗುರುತು ಮಾತ್ರ ಹಾಕಬೇಕು. 2017ರಲ್ಲಿ ಶುರುವಾದ ‘ಬ್ಯಾಕ್‌ಯಾರ್ಡ್ ವರ್ಲ್ಡ್ಸ್’ ಯೋಜನೆಯಲ್ಲಿ ಸಾಮಾನ್ಯ ಜನರು ವೈಸ್‌ನ ಚಿತ್ರಗಳನ್ನು ಒಂದರ ಮೇಲೊಂದು ಮಿಟುಕಿಸಿ ನೋಡುತ್ತ, ಮುಳ್ಳು-ಭೂತಬಿಂಬಗಳ ನಡುವಿನಿಂದ ನಿಜವಾಗಿ ಚಲಿಸುವ ಕಂದು ಕುಬ್ಜಗಳನ್ನು ಹೆಕ್ಕಿದ್ದಾರೆ. ಒಂದೊಂದು ಕಾಯವನ್ನೇ ಹುಡುಕುವವರು ಗುರುತನ್ನು ದಾಟಿ ನೋಡಬಹುದು. ಕೋಟಿಗಟ್ಟಲೆ ಗೆಲಾಕ್ಸಿಗಳ ಹಂಚಿಕೆಯನ್ನು ಅಳೆಯುವವರಿಗೆ ಆ ಸ್ವಾತಂತ್ರ್ಯವಿಲ್ಲ. ಅವರು ಗೆಲಾಕ್ಸಿಗಳ ಗುಂಪುಗೂಡುವಿಕೆಯನ್ನು ಕಂಪ್ಯೂಟರ್ ಎಲ್ಲೆಂದರಲ್ಲಿ ಚೆಲ್ಲಿದ ಚುಕ್ಕಿಗಳೊಂದಿಗೆ ಹೋಲಿಸುತ್ತಾರೆ. ಆ ಚುಕ್ಕಿಗಳ ಮೇಲೂ ಅದೇ ಮಾಸ್ಕ್ ಹಾಕಿದರೆ ಮಾತ್ರ ತೂತುಗಳು ಎರಡೂ ಕಡೆ ಸಮನಾಗಿ, ಹೋಲಿಕೆ ನ್ಯಾಯವಾಗುತ್ತದೆ.

ಇಷ್ಟಾದರೂ ಒಂದು ತೊಡಕು ಉಳಿಯುತ್ತದೆ. ಮಾಸ್ಕ್‌ಗೆ ಸಿಗದ ಮಂಕು ತಾರೆಗಳೂ ಅಕ್ಕಪಕ್ಕದ ಗೆಲಾಕ್ಸಿಗಳನ್ನು ಮರೆಮಾಡುತ್ತವೆ, ಅವು ಕ್ಷೀರಪಥದ ಪಟ್ಟಿಯತ್ತ ಸಾಗಿದಂತೆ ದಟ್ಟವಾಗುತ್ತವೆ. ಹಾಗಾಗಿ ಆಕಾಶದುದ್ದಕ್ಕೂ ಒಂದು ನಿಧಾನದ ಇಳಿಜಾರು ಗೆಲಾಕ್ಸಿಗಳ ಎಣಿಕೆಯಲ್ಲಿ ನುಸುಳುತ್ತದೆ. 2025ರ ಮಾರ್ಚ್‌ನಲ್ಲಿ ಹಾರಿದ ‘ಸ್ಫಿಯರೆಕ್ಸ್’ ಇಡೀ ಆಕಾಶವನ್ನು 102 ಅವಕೆಂಪು ಬಣ್ಣಗಳಲ್ಲಿ ನೋಡುತ್ತಿದೆ. ವಿಶ್ವದ ಮೊದಲ ಕ್ಷಣದ ಹಿಗ್ಗುವಿಕೆಯ ಸುಳಿವನ್ನು ಸುಮಾರು 45 ಕೋಟಿ ಗೆಲಾಕ್ಸಿಗಳ ಹಂಚಿಕೆಯಲ್ಲಿ ಹುಡುಕುವುದು ಅದರ ಗುರಿ. ಆ ಸುಳಿವು ಗಾಢವಾಗಿ ಕಾಣಬೇಕಿರುವುದು ಅತಿ ದೊಡ್ಡ ಅಂತರಗಳಲ್ಲಿ. ಕ್ಷೀರಪಥದ ತಾರೆಗಳು ಮೂಡಿಸುವ ಇಳಿಜಾರಿನ ಅಂತರವೂ ಅದೇ.