ಆಸ್ಪತ್ರೆಯ ತಾರಸಿ ಸೋರುವಾಗ

ಆರೋಗ್ಯ ವಿಭಾಗದಲ್ಲಿ ಗಾರೆಕೆಲಸದ ಮಾತೇಕೆ ಎಂದು ಓದುಗರು ಕೇಳಬಹುದು. ಭಕ್ತರ ದಾಸೋಹದಿಂದ ಎದ್ದು ನಿಂತ ಆಸ್ಪತ್ರೆಗಳು ನಮ್ಮ ನಾಡಿನಲ್ಲಿ ಹಲವಾರಿವೆ. ಅವುಗಳಿಗೆ ಮಂಚ, ಯಂತ್ರ, ಆಂಬುಲೆನ್ಸ್ ಕೊಡಿಸುವ ದಾನಿಗಳು ದೊರೆಯುತ್ತಾರೆ. ತಾರಸಿಯ ದುರಸ್ತಿಗೆ ಕೊಡುವವರು ವಿರಳ. ದಾನಿಯ ಹೆಸರು ಕೆತ್ತಿಸಲು ಅಲ್ಲಿ ಸ್ಥಳವಿಲ್ಲವಷ್ಟೆ! ಆದರೆ ಸೋರುವ ತಾರಸಿಯ ಕೆಳಗೆ ಮಲಗಿದವರ ಪಾಲಿಗೆ ಅದು ಚಿಕಿತ್ಸೆಯ ಪ್ರಶ್ನೆಯೇ ಆಗಿದೆ.

ಒದ್ದೆಯಾದ ಗಿಲಾವು, ಒಳಛಾವಣಿಯ ಹಲಗೆಗಳು ಎರಡು ಮೂರು ದಿನಗಳೊಳಗೆ ಒಣಗದಿದ್ದರೆ ಅಲ್ಲಿ ಬೂಷ್ಟು ಬೆಳೆಯತೊಡಗುತ್ತದೆ. ಅದರಲ್ಲಿ ಆಸ್ಪರ್ಜಿಲಸ್ ಎಂಬ ಜಾತಿಯ ಬೀಜಕಣಗಳು ಕೇವಲ 2ರಿಂದ 3 ಮೈಕ್ರಾನ್ ಗಾತ್ರದವಾದ್ದರಿಂದ ಉಸಿರಿನೊಡನೆ ಶ್ವಾಸಕೋಶದ ಆಳಕ್ಕೆ ಇಳಿಯಬಲ್ಲವು. ಆರೋಗ್ಯವಂತರು ದಿನನಿತ್ಯ ಇವನ್ನು ಉಸಿರಾಡಿಯೂ ಸುಖವಾಗಿರುತ್ತಾರೆ. ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರಿಗೆ, ಅಂಗಾಂಗ ಕಸಿ ಮಾಡಿಸಿಕೊಂಡವರಿಗೆ ಇವು ಮಾರಣಾಂತಿಕ ಸೋಂಕನ್ನು ತರಬಹುದು. ಒಳಛಾವಣಿಯು ಸೋರಿಕೆಯನ್ನು ಮರೆಮಾಡುವುದರಿಂದ, ಕಲೆ ಕಣ್ಣಿಗೆ ಬೀಳುವ ಹೊತ್ತಿಗೆ ಬೂಷ್ಟು ಮೇಲ್ಭಾಗದಲ್ಲಿ ಬೇರೂರಿರುತ್ತದೆ. ಅಂತಹ ಹಲಗೆಗೆ ಬಣ್ಣ ಬಳಿಯುವುದು ತರವಲ್ಲ; ತೆಗೆದುಹಾಕಬೇಕು.

ಇನ್ನು ಮೂಲ ಕಾರಣಕ್ಕೆ ಬರೋಣ. ಸಮತಟ್ಟಾದ ತಾರಸಿ ಎಂದು ನಾವು ಕರೆಯುತ್ತೇವೆಯಾದರೂ ಅದು ನಿಜಕ್ಕೂ ಸಮತಟ್ಟಾಗಿರಕೂಡದು. 100 ಅಡಿಗೆ ಕನಿಷ್ಠ ಒಂದು ಅಡಿಯಷ್ಟಾದರೂ ಇಳಿಜಾರಿದ್ದು, ನೀರು ತಾನಾಗಿಯೇ ಕೊಳವೆಯ ಬಾಯಿಗೆ ಹರಿಯಬೇಕು. ಕೊಳವೆಯ ಬಾಯಿಗೆ ಎಲೆಕಸ ಕಟ್ಟಿಕೊಂಡರೆ ತಾರಸಿ ಕೆರೆಯಾಗುತ್ತದೆ. 10 ಮೀಟರ್ ಉದ್ದ, 10 ಮೀಟರ್ ಅಗಲದ ಭಾಗದಲ್ಲಿ 5 ಸೆಂಟಿಮೀಟರ್ ನೀರು ನಿಂತರೆ ಅದರ ತೂಕವೇ 5 ಟನ್. ಬಯಲುಸೀಮೆಯ ನಮ್ಮ ಹಿರಿಯರು ಮುಂಗಾರಿಗೆ ಮೊದಲೇ ಮಣ್ಣಿನ ಮಾಳಿಗೆಯನ್ನೇರಿ, ಹೊಸ ಮಣ್ಣು ಹಾಕಿ, ನೀರು ಹೋಗುವ ದಾರಿಯನ್ನು ಸರಿಪಡಿಸುತ್ತಿದ್ದರು. ಕಾಂಕ್ರೀಟು ಬಂದ ಮೇಲೆ ಆ ರೂಢಿ ತಪ್ಪಿತು. ಕಾಂಕ್ರೀಟಿಗೆ ಆರೈಕೆ ಬೇಡವೆಂಬ ಭ್ರಮೆ ಬೆಳೆಯಿತು.

ಸೋರಿಕೆ ಕಂಡಾಗ ಬಹುತೇಕ ಆಡಳಿತ ಮಂಡಳಿಗಳು ಮಾಡುವುದು ಒಂದೇ: ಮೇಲೊಂದು ಲೇಪನ. ಮರುವರ್ಷ ಮತ್ತೊಂದು. ಕೆಲವೆಡೆ ಹಳೆಯದನ್ನು ಕೀಳದೆಯೇ ಇಟ್ಟಿಗೆ ಚೂರು, ಗಾರೆಗಳ ಹೊಸ ಹಾಸು ಹಾಕಿ ಸ್ಲ್ಯಾಬಿನ ಮೇಲೆ ಭಾರ ಹೇರುತ್ತಾರೆ. ನೀರು ಒಳನುಗ್ಗುವುದು ಬಹಳ ಸಲ ಬಯಲು ಭಾಗದಲ್ಲಲ್ಲ. ಕೈಪಿಡಿ ಗೋಡೆ ತಾರಸಿಯನ್ನು ಸೇರುವ ಮೂಲೆಯಲ್ಲಿ, ಕೊಳವೆ ತೂರಿದ ರಂಧ್ರದಲ್ಲಿ, ಹವಾನಿಯಂತ್ರಕ ಹಾಗೂ ಸೋಲಾರ್ ಹೀಟರ್ ನಿಲ್ಲಿಸಲು ಕೊರೆದ ಬೋಲ್ಟಿನ ಬುಡದಲ್ಲಿ. ಕೆಳಗೆ ಹನಿಯುವ ಜಾಗದ ನೇರ ಮೇಲೆಯೇ ಬಿರುಕು ಇರಬೇಕೆಂದೇನೂ ಇಲ್ಲ. ನೀರು ವಿದ್ಯುತ್ ತಂತಿಯ ಕೊಳವೆ ಹಿಡಿದು ದೂರ ಸಾಗಿ ಶಸ್ತ್ರಚಿಕಿತ್ಸಾ ಕೊಠಡಿಯ ಸ್ವಿಚ್ಚಿನಲ್ಲಿಯೂ ಇಳಿಯಬಹುದು.

ಕಬ್ಬಿಣಕ್ಕೆ ನೀರು ತಗುಲಿದರೆ ಸಂಗತಿ ಇನ್ನೂ ಗಂಭೀರ. ತುಕ್ಕು ಮೂಲ ಕಬ್ಬಿಣಕ್ಕಿಂತ ಹಲವು ಪಟ್ಟು ಹೆಚ್ಚು ಜಾಗ ಬೇಡುವುದರಿಂದ ಕಾಂಕ್ರೀಟು ಒಳಗಿನಿಂದ ಸೀಳಿ ಹೆಪ್ಪಳಿಕೆಯಾಗಿ ಉದುರುತ್ತದೆ. ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದಾಗ ಟೊಳ್ಳು ಸದ್ದು ಬಂದರೆ ಅದು ಲೇಪನದಿಂದ ವಾಸಿಯಾಗುವ ರೋಗವಲ್ಲ. ತಾರಸಿಯ ಮೇಲೆ ತಗಡಿನ ಛಾವಣಿ ಹೊದಿಸುವುದು ಮಲೆನಾಡಿನಲ್ಲಿ ಜಾಣತನವೇ ಸರಿ. ಆದರೆ ಈಗಾಗಲೇ ಸವೆದ ಕಂಬಿಗೆ ಅದು ಮರಳಿ ಬಲ ಕೊಡದು. ರಚನಾ ಎಂಜಿನಿಯರರು ಪರೀಕ್ಷಿಸಿ, ಊರೆಗಂಬ ನಿಲ್ಲಿಸಿ, ಆ ಭಾಗವನ್ನು ಒಡೆದು ಹೊಸದಾಗಿ ಕಟ್ಟಲು ಹೇಳಿದರೆ ಹಿಂಜರಿಯಬಾರದು. ಸಿರಿವಂತ ದೇಶಗಳೂ ಇದಕ್ಕೆ ಹೊರತಲ್ಲ. ಇಂಗ್ಲೆಂಡಿನ ಕಿಂಗ್ಸ್ ಲಿನ್ ಪಟ್ಟಣದಲ್ಲಿ 1980ರಲ್ಲಿ ತೆರೆದ ಕ್ವೀನ್ ಎಲಿಜಬೆತ್ ಆಸ್ಪತ್ರೆಯ ಛಾವಣಿ, ಗಾಳಿಗುಳ್ಳೆಗಳಿರುವ ಹಗುರ ಕಾಂಕ್ರೀಟಿನ ಹಲಗೆಗಳದು. ಸುಮಾರು 30 ವರ್ಷದ ಬಾಳಿಕೆಯ ಆ ಹಲಗೆಗಳು ಅವಧಿ ಮೀರಿದ ಮೇಲೆ, ಸಾವಿರಾರು ಊರೆಗಂಬಗಳ ನಡುವೆಯೇ ರೋಗಿಗಳನ್ನು ನೋಡಿಕೊಳ್ಳಬೇಕಾಯಿತು.

ದುರಸ್ತಿಯೂ ನಿರಪಾಯವಲ್ಲ ಎಂಬುದನ್ನು ನಾವು ಒತ್ತಿ ಹೇಳಬಯಸುತ್ತೇವೆ. ಹಳೆಯ ಗಾರೆ ಒಡೆಯುವಾಗ ಏಳುವ ದೂಳಿನಲ್ಲಿ ಮೇಲೆ ಹೇಳಿದ ಬೀಜಕಣಗಳಿರುತ್ತವೆ. ಆಸ್ಪತ್ರೆಯ ಕಟ್ಟಡ ಕಾಮಗಾರಿಯಿಂದ ರೋಗಿಗಳಿಗೆ ಈ ಸೋಂಕು ತಗುಲಿದ್ದು ವೈದ್ಯಲೋಕಕ್ಕೆ ತಿಳಿದ ವಿಷಯ. ಆದ್ದರಿಂದ ಗುತ್ತಿಗೆದಾರರೊಡನೆ ಮಾತಾಡುವ ದಿನವೇ ಸೋಂಕು ನಿಯಂತ್ರಣದ ವೈದ್ಯರೂ ದಾದಿಯರೂ ಕುಳಿತಿರಬೇಕು. ದುರ್ಬಲ ರೋಗಿಗಳನ್ನು ಮುಂಚಿತವಾಗಿ ಬೇರೆ ವಾರ್ಡಿಗೆ ಸಾಗಿಸಬೇಕು. ಕೆಲಸದ ಜಾಗವನ್ನು ನೆಲದಿಂದ ಸೂರಿನವರೆಗೆ ದಪ್ಪ ಪ್ಲಾಸ್ಟಿಕ್ ಹಾಳೆಯಿಂದ ಮುಚ್ಚಿ, ಅಲ್ಲಿನ ಗಾಳಿ ವಾರ್ಡಿನತ್ತ ಬಾರದೆ ಹೊರಕ್ಕೇ ಹೋಗುವಂತೆ ಫ್ಯಾನು ಅಳವಡಿಸಬೇಕು. ಹವಾನಿಯಂತ್ರಣ ವ್ಯವಸ್ಥೆ ಹೊರಗಾಳಿ ಸೆಳೆಯುವ ಬಾಯಿ ಅನೇಕ ಕಡೆ ತಾರಸಿಯ ಮೇಲೆಯೇ ಇರುತ್ತದೆ. ಅದನ್ನು ಮರೆತರೆ ಕೆಳಗಿನ ಎಚ್ಚರವೆಲ್ಲ ವ್ಯರ್ಥ. ಡಾಂಬರು ಹಾಳೆಯನ್ನು ಗ್ಯಾಸಿನ ಬೆಂಕಿಯಿಂದ ಕಾಯಿಸಿ ಅಂಟಿಸುವುದಾದರೆ ಆಮ್ಲಜನಕದ ಕೊಳವೆಗಳು ಎಲ್ಲಿ ಹಾದಿವೆಯೆಂದು ಮೊದಲು ನೋಡಬೇಕು.

ಇಷ್ಟಕ್ಕೆಲ್ಲ ಸಮಯ ಬೇಕು. ಮೇ ತಿಂಗಳ ಕೊನೆಯಲ್ಲಿ ಆರಂಭಿಸಿದವರು ಮಳೆಗೆ ಸಿಕ್ಕಿಬೀಳುತ್ತಾರೆ. ಶಿವರಾತ್ರಿ ಕಳೆದೊಡನೆ ತೊಡಗುವುದು ಉಚಿತ. ಇಡೀ ತಾರಸಿಯನ್ನು ಒಮ್ಮೆಗೇ ಬಿಚ್ಚದೆ, ಸಂಜೆಯೊಳಗೆ ಮುಚ್ಚಬಹುದಾದಷ್ಟನ್ನೇ ಬಿಚ್ಚಬೇಕು. ಕೆಲಸ ಮುಗಿದ ಮೇಲೆ, ಸ್ಲ್ಯಾಬು ತಾಳುವುದೆಂದು ಎಂಜಿನಿಯರರು ಒಪ್ಪಿದಲ್ಲಿ, ಕೊಳವೆಗಳ ಬಾಯಿ ಕಟ್ಟಿ, ಎರಡು ದಿನ ತೆಳುವಾಗಿ ನೀರು ನಿಲ್ಲಿಸಿ, ಕೆಳಗಿನ ಸೂರನ್ನು ಪರೀಕ್ಷಿಸಬೇಕು. ಗುತ್ತಿಗೆದಾರರ ಕೊನೆಯ ಕಂತಿನ ಹಣವನ್ನು ಆ ಪರೀಕ್ಷೆ ಮುಗಿಯುವವರೆಗೆ ಕೊಡದಿರುವುದು ಒಳ್ಳೆಯದು.